ಮಾವನ ಪತ್ರಕ್ಕೆ ತಿದ್ದುಪಡಿ ಇಲ್ಲ

ನನ್ನ ವೀಸಾದ ಮೇಲೆ ಒಂದು ವಾಕ್ಯ ಅಚ್ಚಾಗಿದೆ: ‘ಇವರು ಒಬ್ಬ ಮಾಲೀಕರ ಬಳಿ ಮಾತ್ರ ಕೆಲಸ ಮಾಡತಕ್ಕದ್ದು.’ ಪರದೇಶಕ್ಕೆ ಬಂದು ಮೂರು ವರ್ಷ ಆ ವಾಕ್ಯವನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಕೆಳಮನೆಯ ಅಜ್ಜಿಯ ತರಕಾರಿ ಚೀಲವನ್ನು ಮೆಟ್ಟಿಲು ಹತ್ತಿಸಿಕೊಟ್ಟಾಗಲೂ ಯಾರಾದರೂ ನೋಡಿದರೋ ಎಂದು ಹಿಂದಕ್ಕೆ ತಿರುಗುತ್ತಿದ್ದೆ. ಒಮ್ಮೆ ಆಕೆ ಒಂದು ಸೇಬು ಕೊಡಲು ಬಂದರು. ಸೇಬು ಸಂಬಳವಾಗುತ್ತದೋ ಇಲ್ಲವೋ ಖಚಿತವಾಗಿ ಗೊತ್ತಿಲ್ಲದ್ದರಿಂದ ತೆಗೆದುಕೊಳ್ಳಲಿಲ್ಲ. ಆಕೆ ಒಂದು ವಾರ ನನ್ನ ಮುಖ ನೋಡಲಿಲ್ಲ.

ಇಂಥ ನನ್ನ ಮೇಲೆ, ಪರವಾನಗಿ ಇಲ್ಲದೆ ಎರಡು ಕೆಲಸ ಮಾಡುತ್ತಿದ್ದೇನೆ ಎಂಬ ದೂರು ವೀಸಾ ಕಚೇರಿಗೆ ಹೋಯಿತು. ಕಳಿಸಿದವರು ವೈರಿಗಳಲ್ಲ. ನನ್ನ ಮಾವ. ಅದೂ ಅಭಿಮಾನದಿಂದ, ರಿಜಿಸ್ಟರ್ಡ್ ಅಂಚೆಯಲ್ಲಿ.

ಹಗಲು ನಾನು ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆ, ಹೋಟೆಲುಗಳ ಚಾದರಗಳು ತಳ್ಳುಗಾಡಿಗಳಲ್ಲಿ ಬರುತ್ತವೆ, ಒಗೆಯುವ ಯಂತ್ರ, ಒಣಗಿಸುವ ಯಂತ್ರ ದಾಟಿ ಬಿಸಿಬಿಸಿಯಾಗಿ ನನ್ನ ಮೇಜಿಗೆ ಬಂದು ಬೀಳುತ್ತವೆ. ನಾನು ಮಡಿಸುತ್ತೇನೆ. ಸಪಾಟು ಚಾದರಕ್ಕೆ ಯಂತ್ರವಿದೆ. ನಾಲ್ಕು ಮೂಲೆಗೂ ಎಲಾಸ್ಟಿಕ್ ಇರುವ ಚಾದರ ಯಂತ್ರಕ್ಕೆ ಬಗ್ಗುವುದಿಲ್ಲ. ಅದು ನನ್ನ ಪಾಲು. ಸಂಜೆ ಆರಕ್ಕೆ ನಾನು ಸಂಜೆ ಶಾಲೆಗೆ ಹೋಗುತ್ತೇನೆ. ನನ್ನಂಥವರಿಗೆ ಅಲ್ಲಿ ಈ ದೇಶದ ಭಾಷೆ ಕಲಿಸುತ್ತಾರೆ. ನಾನು ಮುಂದಿನ ಬೆಂಚಿನವನು. ಬುದ್ಧಿವಂತನೆಂದಲ್ಲ, ಹಿಂದೆ ಕೂತರೆ ಕಾಣುವುದಿಲ್ಲ. ಮುಂದೆ ಕೂತವನು ಸುಮ್ಮನಿರಬಾರದೆಂದು ಪ್ರತಿ ಪಾಠದ ಕೊನೆಗೆ ಎದ್ದು ಬೋರ್ಡ್ ಒರೆಸುತ್ತೇನೆ.

ಭಾನುವಾರ ಊರಿಗೆ ಫೋನ್. ಹೆಂಡತಿ ತವರಿನಲ್ಲಿದ್ದಾಳೆ. ಮದುವೆಯಾಗಿ ನಾಲ್ಕು ವರ್ಷವಾದರೂ ನಾವು ಒಂದೇ ಸೂರಿನಡಿ ಇದ್ದದ್ದು ಏಳು ತಿಂಗಳು. ಅವಳನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿ ಕಚೇರಿಯಲ್ಲಿ ಮಲಗಿತ್ತು. ಫೋನ್ ಅವಳ ಕೈಗೆ ಹೋಗುವ ಮೊದಲು ಮಾವನ ಕೈಯಲ್ಲಿರುತ್ತದೆ. ಅದು ಆ ಮನೆಯ ಕ್ರಮ. ಆ ಭಾನುವಾರ ಷಡ್ಡಕನೂ ಅಲ್ಲಿದ್ದ, ಅಂದರೆ ಹೆಂಡತಿಯ ಅಕ್ಕನ ಗಂಡ, ದೊಡ್ಡಳಿಯ. ಅವನಿಗೆ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಬಡ್ತಿ ಸಿಕ್ಕಿದ ಸಂಗತಿಯನ್ನು ಮಾವ ಐದು ನಿಮಿಷದಲ್ಲಿ ಮೂರು ಸಲ ಹೇಳಿದರು. ಆಮೇಲೆ ಸರದಿ ನನ್ನದಾಯಿತು.

“ಅಳಿಯಂದಿರೇ, ಕೆಲ್ಸ ಮುಗಿದ್ಮೇಲೆ ಸಂಜೆ ಹೊತ್ತು ಏನ್ ಮಾಡ್ತೀರಿ?”

“ಸಂಜೆ ಶಾಲೆಗೆ ಹೋಗ್ತೀನಿ ಮಾವ.”

“ಶಾಲೆಗಾ? ಪಾಠ ಹೇಳೋಕಾ?”

ಪ್ರಶ್ನೆ ಸ್ಪಷ್ಟವಾಗಿತ್ತು. ಲೈನೂ ಸ್ಪಷ್ಟವಾಗಿತ್ತು. ಹಿಂದಿನಿಂದ ಷಡ್ಡಕ ಕೆಮ್ಮಿದ್ದು ಕೂಡ ಸ್ಪಷ್ಟವಾಗಿ ಕೇಳಿಸಿತು. ಅಸಿಸ್ಟೆಂಟ್ ಮ್ಯಾನೇಜರುಗಳು ಮಾತ್ರ ಹಾಗೆ ಕೆಮ್ಮಬಲ್ಲರು.

“ಹೂಂ ಮಾವ,” ಎಂದೆ.

ಅಷ್ಟೇ. ಇದಕ್ಕಿಂತ ಚಿಕ್ಕ ಸುಳ್ಳನ್ನು ನಮ್ಮ ಭಾಷೆಯಲ್ಲಿ ಹೇಳಲು ಸಾಧ್ಯವಿಲ್ಲ. ಆದರೆ ನನ್ನ ಮಾವ ನಿವೃತ್ತ ಹೆಡ್ ಕ್ಲರ್ಕ್. ಕೇಳಿದ ಸಂಗತಿ ಕಾಗದಕ್ಕೆ ಇಳಿಯುವವರೆಗೆ ಅವರಿಗೆ ಊಟ ಸೇರುವುದಿಲ್ಲ.

ಮೂರು ವಾರದ ಮೇಲೆ ವೀಸಾ ಕಚೇರಿಯಿಂದ ಕರೆ ಬಂತು. ಲಾಂಡ್ರಿಯಲ್ಲಿ ಅರ್ಧ ದಿನ ರಜೆ ಕೇಳಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನಾಲ್ಕನೇ ಕಿಟಕಿಯಲ್ಲಿ ನಡುವಯಸ್ಸಿನ ಅಧಿಕಾರಿಣಿ ಕೂತಿದ್ದರು. ಕನ್ನಡಕ ಸರಪಳಿಯಲ್ಲಿ ನೇತಾಡುತ್ತಿತ್ತು. ಏನನ್ನು ಓದಿದರೂ ಸಾಲಿನ ಕೆಳಗೆ ಒಂದು ಮರದ ಸ್ಕೇಲು ಇಟ್ಟುಕೊಂಡು ಓದುವುದು ಅವರ ಪದ್ಧತಿ. ಎಷ್ಟೋ ಜನರ ಬದುಕು ಆ ಸ್ಕೇಲಿನ ಮೇಲೆ ಸಾಲುಸಾಲಾಗಿ ಸರಿದುಹೋಗಿತ್ತು. ಅದರ ಅಂಚು ಸವೆದಿತ್ತು.

“ಇದು ನಿಮ್ಮ ಮಾವನ ಪತ್ರಾನಾ?”

ಕೆಳಗೆ ಸಹಿ, ಸಹಿಯ ಕೆಳಗೆ ‘ಹೆಡ್ ಕ್ಲರ್ಕ್ (ನಿವೃತ್ತ)’, ಅದರ ಕೆಳಗೆ ಎರಡು ಗೆರೆ. “ಅವರದ್ದೇ ಮೇಡಂ,” ಎಂದೆ.

ಅವರು ಸ್ಕೇಲು ಇಟ್ಟು ಓದಿದರು. “‘ನನ್ನ ಕಿರಿಯ ಅಳಿಯಂದಿರು ಹಗಲು ವಸ್ತ್ರ ಸಂಸ್ಥೆಯೊಂದರಲ್ಲಿಯೂ, ಸಂಜೆ ವಿದ್ಯಾಸಂಸ್ಥೆಯೊಂದರಲ್ಲಿ ಉಪನ್ಯಾಸಕರಾಗಿಯೂ, ಹೀಗೆ ಎರಡು ಉದ್ಯೋಗಗಳನ್ನು ದಕ್ಷತೆಯಿಂದ ನಿರ್ವಹಿಸುತ್ತಿದ್ದು, ನನ್ನ ಮಗಳನ್ನು ಸಾಕಲು ಸರ್ವವಿಧದಲ್ಲೂ ಸಮರ್ಥರೆಂದು ಈ ಮೂಲಕ ದೃಢೀಕರಿಸುತ್ತೇನೆ.’ ಇದು ಒಂದನೇ ಪ್ಯಾರಾ. ಎರಡನೇ ಪ್ಯಾರಾ ನಿಮ್ಮ ಹೆಂಡತಿಯ ವಿಷಯ.” ಅಲ್ಲಿಗೆ ಸ್ಕೇಲು ನಿಂತಿತು. “ನಾನಿನ್ನೂ ಒಂದನೇ ಪ್ಯಾರಾದಿಂದ ಕೆಳಗಿಳಿದಿಲ್ಲ. ಎರಡು ಉದ್ಯೋಗ. ಹೌದಾ, ಅಲ್ವಾ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫೈಲಿನ ಪುಟ ತಿರುಗಿಸಿದ್ದರು.

“ನೋಡಿ, ಇದು ತಪ್ಪಾಗಿದ್ರೆ ಬರೆದವರೇ ತಿದ್ದುಪಡಿ ಪತ್ರ ಕಳಿಸ್ಬೇಕು. ನಿಜ ಆಗಿದ್ರೆ ಎರಡನೇ ಕೆಲಸಕ್ಕೆ ಪರವಾನಗಿ ತಗೋಬೇಕು. ಮೂವತ್ತು ದಿನ. ಎರಡೂ ಆಗ್ಲಿಲ್ಲ ಅಂದ್ರೆ ನಿಮ್ಮ ಹೆಂಡತಿ ಫೈಲು ಮುಚ್ಚುತ್ತೆ.”

“ನಂದು ಮೇಡಂ?”

“ನಿಮ್ಮದು ತೆರೆಯುತ್ತೆ.”

ನನ್ನ ಕೋಣೆಯಲ್ಲಿ ಜೊತೆಗಿರುವವನು ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ. ಎಲ್ಲರೂ ಅವನನ್ನು ವಕೀಲ ಎಂದೇ ಕರೆಯುವುದು. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಪತ್ರಿಕೆಗಳನ್ನೆಲ್ಲ ಓದಿ ಅವನು ಕಾನೂನು ಕಲಿತಿದ್ದ. ನನ್ನ ಕತೆ ಕೇಳಿ ಅವನು ಮಂಚದ ಮೇಲೆ ಕಾಲು ಮಡಚಿ ಕೂತು ತೀರ್ಪು ಕೊಟ್ಟ.

“ಇದಕ್ಯಾಕೋ ಇಷ್ಟು ಬೆವರ್ತೀಯ? ಮಾವನಿಗೆ ಫೋನ್ ಹಚ್ಚು. ‘ಮಾವ, ನಾನು ಸುಳ್ಳು ಹೇಳ್ದೆ, ಒಂದು ಗೆರೆ ತಿದ್ದಿ ಕಳ್ಸಿ’ ಅನ್ನು. ಬೈತಾರೆ. ಬೈಸ್ಕೋ. ಬೈಗಳಕ್ಕೆ ವೀಸಾ ಬೇಡ.”

ನಾನು ಕಾಗದದ ಮೇಲೆ ಆ ಮಾತನ್ನು ಬರೆದುಕೊಂಡು, ಎರಡು ಸಲ ಓದಿ ಅಭ್ಯಾಸ ಮಾಡಿ, ಫೋನ್ ಹಚ್ಚಿದೆ. ಎಲ್ಲವನ್ನೂ ಹೇಳಿದೆ. ಬೋರ್ಡ್ ಒರೆಸುವುದನ್ನೂ ಹೇಳಿದೆ. ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು. ಮಾವನಿಗೆ ಎದೆ ಹಿಡಿಯಿತೇನೋ ಎಂದು ನನಗೆ ಗಾಬರಿಯಾಯಿತು.

“ಅಂದ್ರೆ,” ಎಂದರು ಕೊನೆಗೆ, “ನನ್ನ ಪತ್ರದಲ್ಲಿ ತಪ್ಪಿದೆ ಅಂತೀರಾ?”

“ತಪ್ಪು ನಂದು ಮಾವ. ಪತ್ರದ್ದಲ್ಲ.”

“ಮೂವತ್ತೆರಡು ವರ್ಷ ಸರ್ವೀಸು ಮಾಡಿದೀನಿ ಅಳಿಯಂದಿರೇ. ನಾಲ್ಕು ಜನ ಮೇಲಧಿಕಾರಿಗಳು ಬಂದ್ರು, ಹೋದ್ರು. ನನ್ನ ಕೈಯಿಂದ ಹೊರಟ ಪತ್ರಕ್ಕೆ ಒಂದೇ ಒಂದು ತಿದ್ದುಪಡಿ ಹೋಗಿಲ್ಲ. ಬೀಳ್ಕೊಡುಗೆ ದಿನ ಸಾಹೇಬ್ರು ಬೇರೆ ಏನೂ ಹೇಳ್ಲಿಲ್ಲ, ಅದೊಂದೇ ಹೇಳಿದ್ರು.”

“ಒಂದೇ ಸಾಲು ಮಾವ…”

“ಅಲ್ಲ ರೀ, ನಾನು ಏನಂತ ಬರೀಲಿ? ‘ಅಳಿಯಂದಿರು ಉಪನ್ಯಾಸಕರಲ್ಲ, ಬೋರ್ಡ್ ಒರೆಸುವವರು ಎಂದು ಓದಿಕೊಳ್ಳತಕ್ಕದ್ದು’ ಅಂತಲಾ? ಅದರ ನಕಲು ನನ್ನ ಫೈಲಿನಲ್ಲಿ ಕೂತ್ಕೊಬೇಕಾ?” ದನಿ ಏರಲಿಲ್ಲ. ಏರಿದ್ದರೆ ನನಗೆ ಸಮಾಧಾನವಾಗುತ್ತಿತ್ತು. “ಪತ್ರ ತಿದ್ದೋಕೆ ಆಗಲ್ಲ ಅಳಿಯಂದಿರೇ. ಮೂವತ್ತು ದಿನ ಇದೆ ಅಂದ್ರಲ್ಲ. ಪತ್ರ ಹೇಗಿದೆಯೋ ಹಾಗೆ ನೀವು ತಿದ್ಕೊಳ್ಳಿ.”

ಫೋನ್ ಹೆಂಡತಿಯ ಕೈಗೆ ಬಂತು. ಅವಳು ಬಾಗಿಲು ಹಾಕಿಕೊಂಡ ಸದ್ದಾಯಿತು.

“ರೀ, ನೀವು ಪಾಠ ಹೇಳಲ್ಲ ಅಂತ ನಂಗೆ ಗೊತ್ತಿತ್ತು. ನಮ್ಮ ಮದುವೇಲಿ ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಿ ಅಂದ್ರೆ ನಿಮ್ಮ ಹೆಸರು ಹೇಳಿದ್ರಿ.”

“ಈಗ ಏನೇ ಮಾಡೋದು?”

“ಏನಾದ್ರೂ ಮಾಡಿ. ಪೆಟ್ಟಿಗೆ ಕಟ್ಟಿಟ್ಟು ಎಷ್ಟು ದಿನ ಆಯ್ತು ಗೊತ್ತಾ? ಉಡೋಕೆ ಸೀರೆ ಬೇಕು ಅಂದ್ರೆ ದಿನಾ ಪೆಟ್ಟಿಗೆ ಬಿಚ್ತೀನಿ, ಮತ್ತೆ ಕಟ್ತೀನಿ. ಅಕ್ಕ ನಗ್ತಾಳೆ.” ಸ್ವಲ್ಪ ತಡೆದು ಅವಳು ಕೇಳಿದಳು, “ಅಪ್ಪನ ಪತ್ರ ಪೂರ್ತಿ ಓದಿದ್ರಾ ಅವ್ರು? ಎರಡನೇ ಪ್ಯಾರಾ?”

“ಇಲ್ಲ. ಒಂದನೇದ್ರಲ್ಲೇ ನಿಂತಿದೆ.”

“ಹಾಗಾದ್ರೆ ಸರಿ,” ಎಂದಳು. ಯಾಕೆ ಸರಿ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಆಗ ಒಂದನೇ ಪ್ಯಾರಾಕ್ಕಷ್ಟೇ ಜಾಗವಿತ್ತು.

ಮರುದಿನ ಸಂಜೆ ಪಾಠ ಮುಗಿದು, ಬೋರ್ಡ್ ಒರೆಸಿ, ಸಂಜೆ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ನಿಂತೆ. ಅವರು ವಯಸ್ಸಾದವರು. ಅವರ ಕಪ್ಪು ಕೋಟು ಸೀಮೆಸುಣ್ಣದ ಪುಡಿಯಿಂದ ಬೂದಿ ಬಣ್ಣಕ್ಕೆ ತಿರುಗಿತ್ತು. ನಗುವುದನ್ನು ಅವರು ಯಾವುದೋ ಕಾಲದಲ್ಲಿ ಬಿಟ್ಟಿದ್ದರು.

“ಸರ್, ನಾನು ಉಪನ್ಯಾಸಕ ಆಗ್ಬೇಕು.”

“ಯಾವಾಗ?”

“ಇಪ್ಪತ್ತೊಂಬತ್ತು ದಿನದೊಳಗೆ.”

“ಏನು ಪಾಠ ಹೇಳೋಕೆ ಬರುತ್ತೆ?”

“ಏನೂ ಬರಲ್ಲ ಸರ್.”

ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. “ಈ ಕುರ್ಚಿಲಿ ಕೂತು ಎಷ್ಟೋ ಜನ ಮೇಷ್ಟ್ರುಗಳನ್ನ ಸಂದರ್ಶನ ಮಾಡಿದೀನಿ. ಇಷ್ಟು ನಿಜವಾದ ಉತ್ತರ ಯಾರೂ ಕೊಟ್ಟಿರ್ಲಿಲ್ಲ. ಕೂತ್ಕೊಳ್ಳಿ.”

ನಾನು ಎಲ್ಲವನ್ನೂ ಹೇಳಿದೆ. ವಾರಕ್ಕೆ ಒಂದು ಗಂಟೆಯ ಉಪನ್ಯಾಸಕನ ಜಾಗ ಸೃಷ್ಟಿಸಬಹುದು, ವಿಷಯ ಆಮೇಲೆ ಯೋಚಿಸೋಣ ಎಂದು ಅವರು ಪತ್ರ ಬರೆದುಕೊಟ್ಟರು. ಆ ಪತ್ರ ಹಿಡಿದುಕೊಂಡು ನಾಲ್ಕನೇ ಕಿಟಕಿಗೆ ಓಡಿದೆ. ಅಧಿಕಾರಿಣಿ ಸ್ಕೇಲು ಇಟ್ಟರು, ಎತ್ತಿದರು.

“ಆಗಲ್ಲ. ಎರಡನೇ ಕೆಲಸ ಮೊದಲನೇ ಕಸುಬಿನದ್ದೇ ಆಗಿರ್ಬೇಕು. ಅದು ನಿಯಮ. ಅಡುಗೆಯವನು ಇನ್ನೊಂದು ಕಡೆ ಅಡುಗೆ ಮಾಡ್ಬಹುದು. ಬಡಗಿ ಇನ್ನೊಂದು ಕಡೆ ಮರ ಕೊಯ್ಬಹುದು. ನಿಮ್ಮ ಕಸುಬು ಏನು?”

“ಚಾದರ ಮಡಿಸೋದು ಮೇಡಂ.”

“ಉಪನ್ಯಾಸದಲ್ಲಿ ಚಾದರ ಎಲ್ಲಿದೆ?”

ಅದೇ ಪ್ರಶ್ನೆಯನ್ನು ನಾನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದಾಗ ಅವರು ಕನ್ನಡಕ ತೆಗೆದು ಒರೆಸಿ, “ಚಾದರದಲ್ಲೇ ಉಪನ್ಯಾಸ ಇಡೋಣ,” ಎಂದರು. ಆ ಸಂಜೆಯೇ ಶಾಲೆಯ ಸೂಚನಾ ಫಲಕದಲ್ಲಿ ಹೊಸ ವಿಷಯವೊಂದು ಕಾಣಿಸಿಕೊಂಡಿತು: ‘ಗೃಹವಸ್ತ್ರಗಳ ಮಡಿಕೆ: ಸಿದ್ಧಾಂತ ಮತ್ತು ಪ್ರಯೋಗ.’ ಅದರ ಮುಂದೆ ನಿಂತು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ‘ಸಿದ್ಧಾಂತ’ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಬೇಕಾಯಿತು.

ಇನ್ನು ಲಾಂಡ್ರಿಯ ಒಪ್ಪಿಗೆ ಪತ್ರ. ನಮ್ಮ ಮ್ಯಾನೇಜರಮ್ಮ ದೊಡ್ಡ ದೇಹದ, ದೊಡ್ಡ ದನಿಯ ಹೆಂಗಸು. ಯಂತ್ರಗಳ ಸದ್ದಿನ ಮೇಲೆ ಇಪ್ಪತ್ತು ವರ್ಷ ಕೂಗಿ ಕೂಗಿ ಗುಟ್ಟು ಹೇಳುವಾಗಲೂ ಕೂಗುತ್ತಿದ್ದರು. ನಾನು ವಿಷಯ ಹೇಳುತ್ತಿದ್ದಂತೆ ಎದ್ದು ಬಾಗಿಲು ಹಾಕಿದರು.

“ನಮ್ಮ ಮಡಿಕೆ ಹೊರಗೆ ಹೇಳ್ಕೊಡ್ತೀಯಾ?”

“ಹಾಗಲ್ಲ ಮೇಡಂ…”

“ಪಕ್ಕದ ಬೀದಿಯ ಲಾಂಡ್ರಿಯವ್ರು ಆ ಎಲಾಸ್ಟಿಕ್ ಚಾದರವನ್ನ ಹೇಗೆ ಕಳಿಸ್ತಾರೆ ನೋಡಿದೀಯಾ? ಉಂಡೆ! ಬೆಕ್ಕು ಮಲಗಿದ ಹಾಗೆ! ನಮ್ಮದು ನೋಡು, ಪುಸ್ತಕ ಇಟ್ಟ ಹಾಗೆ. ಆ ಪುಸ್ತಕದಿಂದ ನಮ್ಮ ಹೊಟ್ಟೆ ತುಂಬ್ತಿದೆ. ಅದನ್ನ ನೀನು ಊರಿಗೆಲ್ಲ ಓದಿ ಹೇಳ್ತೀಯಾ?”

ಗಾಜಿನ ಆಚೆ ಒಗೆಯುವವರು, ಒಣಗಿಸುವವರು ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕಂಪನಿಯ ರಹಸ್ಯ ಮಾರುವವನನ್ನು ಅವರು ಹಿಂದೆ ಕಂಡಿರಲಿಲ್ಲ. ನನಗೆ ಬೇರೆ ಏನೂ ತೋಚದೆ ಪೆಟ್ಟಿಗೆಯ ಕತೆ ಹೇಳಿದೆ: ನನ್ನ ಹೆಂಡತಿ ದಿನಾ ಸೀರೆಗಾಗಿ ಬಿಚ್ಚುತ್ತಾಳೆ, ಮತ್ತೆ ಕಟ್ಟುತ್ತಾಳೆ ಎಂದು. ಮ್ಯಾನೇಜರಮ್ಮ ಕುರ್ಚಿಯಲ್ಲಿ ಕೂತರು. ಮೊದಲ ಸಲ ಅವರ ದನಿ ತಗ್ಗಿತು.

“ಎಷ್ಟು ದಿನದಿಂದ?”

“ಎಂಟು ತಿಂಗಳು.”

ಅವರು ಲೆಟರ್‌ಹೆಡ್ ಎಳೆದುಕೊಂಡು ಬರೆಯತೊಡಗಿದರು. “ಮೂರು ಮಡಿಕೆ ಹೇಳ್ಕೊಡು. ಕೊನೇಲಿ ಒಳಗೆ ಸೇರಿಸೋ ನಾಲ್ಕನೇ ಮಡಿಕೆ ಇದೆಯಲ್ಲ, ಅದು ಸಂಸ್ಥೆಯದ್ದು. ಅದನ್ನ ಬಾಯಿ ಬಿಟ್ಟೆ ಅಂದ್ರೆ ಎರಡೂ ಕೆಲಸ ಹೋಗುತ್ತೆ.”

ಆ ಷರತ್ತನ್ನು ಪತ್ರದಲ್ಲೂ ಬರೆದು ಮೊಹರು ಒತ್ತಿದರು.

ಇಷ್ಟಾದ ಮೇಲೆ ಅರ್ಜಿ ತುಂಬುವುದು. ಒಂಬತ್ತನೇ ಪ್ರಶ್ನೆಗೆ ನನ್ನ ಪೆನ್ನು ನಿಂತಿತು. ‘ಸದರಿ ಸ್ಥಳದಲ್ಲಿ ನೀವು ಈಗಾಗಲೇ ಯಾವುದೇ ಕೆಲಸ ಮಾಡಿದ್ದೀರಾ? ಪ್ರತಿಫಲ ಪಡೆದಿದ್ದೀರಾ?’

“ಇಲ್ಲ ಅಂತ ಬರಿ,” ಎಂದ ವಕೀಲ.

“ಬೋರ್ಡ್ ಒರೆಸಿದೀನಲ್ಲ.”

“ಅದು ಕೆಲಸ ಅಲ್ವೋ, ಚಟ.”

“ಶಾಲೆಯವ್ರು ಚಹಾ ಕೊಟ್ಟಿದಾರೆ.”

ವಕೀಲ ಎದ್ದು ನಿಂತ. “ಲೋ, ಒಂದು ಸುಳ್ಳಿನಿಂದ ಇಷ್ಟು ದೂರ ಬಂದಿದೀಯ. ಈಗ ನಿಜ ಹೇಳಿ ಯಾಕೋ ಸಾಯ್ತೀಯ?”

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಒಂದು ಸಲ ‘ಹೂಂ’ ಎಂದು ಅನುಭವಿಸಿದವನು ‘ಇಲ್ಲ’ ಎನ್ನಲು ಹೆದರುತ್ತಾನೆ. ನಾನು ಬರೆದೆ: ‘ಹೌದು. ಬೋರ್ಡ್ ಒರೆಸಿದ್ದೇನೆ, ಎರಡು ವರ್ಷದಿಂದ. ಪ್ರತಿಫಲ: ಚಹಾ, ಹನ್ನೊಂದು ಲೋಟ. ಪಟ್ಟಿ ಲಗತ್ತಿಸಿದೆ.’ ಪಟ್ಟಿಯಲ್ಲಿ ನೆನಪಿದ್ದಷ್ಟು ದಿನಾಂಕ ಹಾಕಿದೆ. ನೆನಪಿಲ್ಲದ ಕಡೆ ‘ಸುಮಾರು’ ಎಂದು ಬರೆದೆ. ವಕೀಲ ಗೋಡೆಯ ಕಡೆ ತಿರುಗಿ ಮಲಗಿದ. ನನ್ನ ಮೊಕದ್ದಮೆಯಿಂದ ತಾನು ನಿವೃತ್ತನಾದೆನೆಂದು ಕಂಬಳಿಯೊಳಗಿಂದ ಘೋಷಿಸಿದ.

ನಾಲ್ಕನೇ ಕಿಟಕಿಯ ಸ್ಕೇಲು ಚಹಾದ ಪಟ್ಟಿಯ ಮೇಲೆ ಹನ್ನೊಂದು ಸಲ ಸರಿಯಿತು.

“ಕೊನೇ ಲೋಟದ ಮುಂದೆ ‘ಅರ್ಧ’ ಅಂತಿದೆ.”

“ಗಂಟೆ ಹೊಡೀತು ಮೇಡಂ. ಪೂರ್ತಿ ಕುಡಿಯೋಕೆ ಆಗ್ಲಿಲ್ಲ.”

ಅವರು ಕನ್ನಡಕ ತೆಗೆದರು. ಹಿಂದಿನ ಮೇಜಿನವರನ್ನು ಕರೆದರು. ಅವರು ಬಂದು ಓದಿ, ಮೂರನೇ ಕಿಟಕಿಯವರನ್ನು ಕರೆದರು. ಮೂವರೂ ತಲೆ ಸೇರಿಸಿ ನೋಡಿದರು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು, ಭಾರಿ ಅಪರಾಧಿಯ ಹಿಂದೆ ನಿಂತಿದ್ದೇವೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿದರು.

“ಹತ್ತೊಂಬತ್ತು ವರ್ಷದಿಂದ ಈ ಕಿಟಕಿಲಿದೀನಿ,” ಎಂದರು ಅಧಿಕಾರಿಣಿ. “ಮನೆ ಮುಚ್ಚಿಟ್ಟವರನ್ನ ನೋಡಿದೀನಿ. ಮದುವೆ ಮುಚ್ಚಿಟ್ಟವರನ್ನ ನೋಡಿದೀನಿ. ಚಹಾ ಒಪ್ಪಿಕೊಂಡವರನ್ನ ನೋಡಿಲ್ಲ. ಇದಕ್ಕೆ ಏನು ಮಾಡ್ಬೇಕು ಅಂತ ನಿಯಮದ ಪುಸ್ತಕದಲ್ಲೂ ಇಲ್ಲ. ಗುರುವಾರ ಸಂಜೆ ನಾನೇ ಬಂದು ಪಾಠ ನೋಡ್ತೀನಿ. ಪಾಠ ನಿಜವಾಗಿದ್ರೆ ಪರವಾನಗಿ. ಇಲ್ದಿದ್ರೆ…” ಅವರ ಕಣ್ಣು ಎರಡು ಫೈಲುಗಳ ಕಡೆ ಹೋಯಿತು. ಒಂದು ಮುಚ್ಚುವುದು, ಒಂದು ತೆರೆಯುವುದು.

ಗುರುವಾರ ಬಂತು. ಮೂವತ್ತನೇ ದಿನಕ್ಕೆ ಎರಡು ದಿನ ಮೊದಲು. ಲಾಂಡ್ರಿಯಿಂದ ಎಲಾಸ್ಟಿಕ್ ಚಾದರ ಎರವಲು ತಂದಿದ್ದೆ. ತರಗತಿಯಲ್ಲಿ ಹದಿನಾಲ್ಕು ಜನ. ಎಲ್ಲರೂ ನಿನ್ನೆಯವರೆಗೆ ನನ್ನ ಪಕ್ಕ ಕೂತು ತಪ್ಪು ಉತ್ತರ ಹೇಳುತ್ತಿದ್ದವರೇ. ಮಧ್ಯದಲ್ಲಿ ವಕೀಲ ಕೂತಿದ್ದ. ನಿವೃತ್ತಿಯ ನಂತರವೂ ಬರದೆ ಇರಲಾಗಲಿಲ್ಲವಂತೆ. ಕೆಳಮನೆಯ ಅಜ್ಜಿ ಮುಂದಿನ ಬೆಂಚಿನಲ್ಲಿ ನನ್ನ ಜಾಗದಲ್ಲೇ ಕೂತಿದ್ದರು. ಈ ದೇಶದಲ್ಲೇ ಹುಟ್ಟಿದ ಆಕೆಗೆ ಭಾಷೆ ಕಲಿಯುವ ಅಗತ್ಯವಿರಲಿಲ್ಲ. ಸೇಬು ಬೇಡವೆಂದವನು ಹೇಗೆ ಸೋಲುತ್ತಾನೆ ನೋಡಲು ಬಂದಿದ್ದರೆಂದು ನನ್ನ ಅನುಮಾನ. ಹಿಂದಿನ ಬೆಂಚಿನಲ್ಲಿ ಅಧಿಕಾರಿಣಿ, ಮಡಿಲಲ್ಲಿ ಸ್ಕೇಲು.

ಮುಖ್ಯೋಪಾಧ್ಯಾಯರು ನನ್ನನ್ನು “ನಮ್ಮ ಹೊಸ ಉಪನ್ಯಾಸಕರು” ಎಂದು ಪರಿಚಯಿಸಿ ಬಾಗಿಲ ಬಳಿ ನಿಂತರು.

ನಾನು ಬೋರ್ಡಿನ ಮುಂದೆ ಹೋದೆ. ತಿರುಗಿದೆ. ಹದಿನೆಂಟು ಜೋಡಿ ಕಣ್ಣು. ನಾಲ್ಕು ರಾತ್ರಿ ಬಾಯಿಪಾಠ ಮಾಡಿದ ಮೊದಲ ವಾಕ್ಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಏನು ಮಾಡಲೂ ತೋಚದೆ ಬೋರ್ಡಿನ ಕಡೆ ತಿರುಗಿ ಒರೆಸತೊಡಗಿದೆ. ಬೋರ್ಡಿನ ಮೇಲೆ ಏನೂ ಇರಲಿಲ್ಲ. ಎಡದಿಂದ ಬಲಕ್ಕೆ ಒರೆಸಿದೆ, ಮೇಲಿಂದ ಕೆಳಕ್ಕೆ ಒರೆಸಿದೆ. ಅಷ್ಟು ಶುದ್ಧವಾದ ಬೋರ್ಡ್ ಆ ಶಾಲೆಯ ಚರಿತ್ರೆಯಲ್ಲೇ ಇರಲಿಕ್ಕಿಲ್ಲ. ಹಿಂದಿನಿಂದ ಸ್ಕೇಲು ಬೆಂಚಿಗೆ ತಾಗಿ ‘ಟಕ್’ ಎಂದಿತು.

“ಏನಪ್ಪಾ,” ಎಂದರು ಅಜ್ಜಿ ಜೋರಾಗಿ, “ಆ ಹಾಳು ಚಾದರ ಮಡಿಸೋದು ಹೇಗೆ ಅಂತ ಹೇಳ್ಕೊಡ್ತೀಯಾ, ಇಲ್ಲಾ ನಾನು ಮನೆಗೆ ಹೋಗ್ಲಾ? ಐವತ್ತು ವರ್ಷದಿಂದ ಅದನ್ನ ಬೀರುವಿನೊಳಗೆ ತುರುಕಿ ಬಾಗಿಲು ಹಾಕ್ತಿದೀನಿ.”

ನಾನು ಚಾದರ ಎತ್ತಿಕೊಂಡೆ. ಬಟ್ಟೆ ಕೈಗೆ ಸಿಕ್ಕಿದ್ದೇ ತಡ, ನನ್ನ ಕೈಗಳು ನನ್ನನ್ನು ಕೇಳದೆ ಕೆಲಸಕ್ಕೆ ಇಳಿದವು. ಬಾಯಿ ಅವುಗಳ ಹಿಂದೆ ಹಿಂದೆ ಹೋಯಿತು.

“ಎರಡೂ ಕೈಯನ್ನ ಎರಡು ಮೂಲೆ ಒಳಗೆ ಹಾಕ್ಬೇಕು. ಟೋಪಿ ಹಾಕಿದ ಹಾಗೆ. ಈಗ ಈ ಮೂಲೆನ ಆ ಮೂಲೆ ಮೇಲೆ ಮಗುಚಬೇಕು. ಒಂದರೊಳಗೆ ಒಂದು. ಕೆಳಗಿನ ಎರಡು ಮೂಲೆಗೂ ಹಾಗೇ. ನಾಲ್ಕೂ ಒಂದೇ ಕೈಲಿ ಬಂತಾ? ಎಲಾಸ್ಟಿಕ್ ಎಲ್ಲಾ ಒಳಗೆ ಹೋಯ್ತು. ಇನ್ನು ಮೇಜಿನ ಮೇಲೆ ಹರಡಿ ಒಂದು ಮಡಿಕೆ, ಎರಡು, ಮೂರು.”

ಪುಸ್ತಕವೊಂದನ್ನು ಇಟ್ಟಂತೆ ಚಾದರ ಮೇಜಿನ ಮೇಲೆ ಕೂತಿತು. ಹಿಂದಿನ ಬೆಂಚು ಕಿರ್ ಎಂದಿತು. ಅಧಿಕಾರಿಣಿ ಎದ್ದು ಬರುತ್ತಿದ್ದರು. ಎಲ್ಲ ಮುಗಿಯಿತು ಎಂದುಕೊಂಡೆ. ಅವರು ಸ್ಕೇಲನ್ನು ಮೇಜಿನ ಮೇಲೆ ಇಟ್ಟು, ಚಾದರ ಕೊಡವಿ ಬಿಚ್ಚಿ, ಎರಡೂ ಕೈಯನ್ನು ಎರಡು ಮೂಲೆಯೊಳಗೆ ಹಾಕಿ ನಿಂತರು.

“ಇದಾದ್ಮೇಲೆ? ಯಾವ ಕೈ ಮೇಲೆ ಯಾವ ಕೈ?”

ಅವರಿಗೆ ಮೂರು ಸಲ ತಪ್ಪಿತು. ಮೂರನೇ ಸಲ ಚಾದರ ಅವರ ತಲೆಯ ಮೇಲೆಯೇ ಬಿತ್ತು. ಯಾರೂ ನಗಲಿಲ್ಲ, ಅಲ್ಲಿದ್ದ ಒಬ್ಬೊಬ್ಬರದ್ದೂ ಒಂದೊಂದು ಫೈಲು ಅವರ ಕಚೇರಿಯಲ್ಲಿತ್ತು. ನಾಲ್ಕನೇ ಸಲ ಸರಿ ಬಂತು. ಅವರು ಮಡಿಸಿದ ಚಾದರದ ಅಂಚಿಗೆ ಸ್ಕೇಲು ಹಿಡಿದು ನೋಡಿದರು. ಗೆರೆ ನೇರವಾಗಿತ್ತು.

“ಇದಕ್ಕೆ ಇನ್ನೊಂದು ಮಡಿಕೆ ಇರ್ಬೇಕಲ್ಲ?”

“ಇದೆ ಮೇಡಂ. ಹೇಳೋ ಹಾಗಿಲ್ಲ. ಪತ್ರದಲ್ಲಿದೆ.”

ಅವರು ಚೀಲದಿಂದ ಲಾಂಡ್ರಿಯ ಪತ್ರ ತೆಗೆದು, ಷರತ್ತು ಓದಿ, ತಲೆಯಾಡಿಸಿದರು. ಅಲ್ಲೇ, ಆ ಮೇಜಿನ ಮೇಲೇ, ಚಾದರದ ಪಕ್ಕ ನನ್ನ ಅರ್ಜಿ ಇಟ್ಟು ಬರೆದರು: ‘ಬೋಧನೆ ನೈಜವಾಗಿದೆ. ಪರವಾನಗಿ ನೀಡಬಹುದು.’ ಆಮೇಲೆ ಚಹಾದ ಪಟ್ಟಿಯನ್ನು ನನಗೆ ವಾಪಸು ಕೊಟ್ಟು, “ಇದು ನಿಮ್ಮ ಹತ್ರ ಇರ್ಲಿ. ನಮ್ಮಲ್ಲಿ ಇಡೋಕೆ ಫೈಲಿಲ್ಲ,” ಎಂದರು.

ಹೊರಡುವಾಗ ಅಜ್ಜಿ ಚೀಲದಿಂದ ಒಂದು ಸೇಬು ತೆಗೆದು ಮೇಜಿನ ಮೇಲಿಟ್ಟರು. ನಾನು ಅಧಿಕಾರಿಣಿಯ ಕಡೆ ನೋಡಿದೆ.

“ತಗೊಳ್ಳಿ,” ಎಂದರು ಅವರು. “ಈಗ ಪರವಾನಗಿ ಇದೆ.”

ಹೀಗೆ ನನ್ನ ಹೆಂಡತಿಯ ಫೈಲು ಒಂದನೇ ಪ್ಯಾರಾದಿಂದ ಕೆಳಗಿಳಿಯಿತು. ಆರು ವಾರದಲ್ಲಿ ವೀಸಾ ಬಂತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಮೊದಲು ಕಂಡದ್ದು ಪೆಟ್ಟಿಗೆ, ಅದರ ಹಿಂದೆ ಅವಳು. ಮೂರು ವರ್ಷದಲ್ಲಿ ಅವಳು ಸ್ವಲ್ಪ ತೆಳ್ಳಗಾಗಿದ್ದಳು. ನಾನು ಪೆಟ್ಟಿಗೆ ತೆಗೆದುಕೊಂಡೆ. ಅವಳು ನನ್ನ ಅಂಗಿಯ ಕಾಲರು ಸರಿ ಮಾಡಿದಳು. ಆಮೇಲೆ ಕೈಚೀಲದಿಂದ ಒಂದು ಲಕೋಟೆ ಕೊಟ್ಟಳು.

“ಅಪ್ಪ ಕೊಟ್ಟಿದಾರೆ. ನಿಮ್ಮ ಫೈಲಿಗಂತೆ.”

ವೀಸಾ ಕಚೇರಿಗೆ ಬರೆದ ಧನ್ಯವಾದ ಪತ್ರದ ನಕಲು. ಒಂದೇ ವಾಕ್ಯ: ‘ನನ್ನ ಹಿಂದಿನ ಪತ್ರದಲ್ಲಿ ತಿಳಿಸಿದ ಸಂಗತಿಗಳಿಗೆ ಯಾವುದೇ ತಿದ್ದುಪಡಿ ಅಗತ್ಯ ಬಿದ್ದಿರುವುದಿಲ್ಲ.’ ಸಹಿ, ಹೆಡ್ ಕ್ಲರ್ಕ್ (ನಿವೃತ್ತ), ಎರಡು ಗೆರೆ. ಎರಡನೇ ಗೆರೆ ಸ್ವಲ್ಪ ನಡುಗಿತ್ತು. ನಾನು ಅದನ್ನು ಮೂರು ಮಡಿಕೆ ಮಾಡಿ, ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು ನಾಲ್ಕನೆಯದನ್ನೂ ಹಾಕಿ, ಜೇಬಿನಲ್ಲಿಟ್ಟೆ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು.

“ರೀ, ಅಪ್ಪನ ಪತ್ರದ ಎರಡನೇ ಪ್ಯಾರಾ ಓದಿದ್ರಾ?”

“ಇಲ್ಲ. ಏನಿತ್ತು?”

“‘ನನ್ನ ಮಗಳು ಆ ದೇಶದ ಭಾಷೆಯನ್ನು ಎರಡು ವರ್ಷ ಕ್ರಮಬದ್ಧವಾಗಿ ಕಲಿತು, ಅದರಲ್ಲಿ ನಿರರ್ಗಳವಾಗಿ ಮಾತನಾಡಬಲ್ಲಳು’ ಅಂತ.”

“ಅಯ್ಯೋ, ಒಳ್ಳೇದಲ್ವಾ! ನಂಗೆ ಹೇಳ್ಲೇ ಇಲ್ಲ!”

ಅವಳು ಕಿಟಕಿಯ ಕಡೆ ತಿರುಗಿದಳು. “ದಿನಾ ಸಂಜೆ ಭಾಷೆ ಕ್ಲಾಸಿಗೆ ಹೋಗ್ತೀನಿ ಅಂತ ಅಪ್ಪನಿಗೆ ಹೇಳಿ ಹೋಗ್ತಿದ್ದೆ. ಮೈದಾನಕ್ಕೆ ಹೋಗಿ ಸೈಕಲ್ ಕಲೀತಿದ್ದೆ.”

“ಎರಡು ವರ್ಷ?”

“ಮೊದಲನೇ ವರ್ಷ ಬೀಳ್ತಿದ್ದೆ.”

“ಹಾಗಾದ್ರೆ ಭಾಷೆ ಎಷ್ಟು ಬರುತ್ತೆ?”

“‘ನಮಸ್ಕಾರ’ ಅನ್ನೋಕೆ ಬರುತ್ತೆ. ‘ನೀರು ಎಲ್ಲಿ ಸಿಗುತ್ತೆ’ ಅನ್ನೋಕೆ ಬರುತ್ತೆ.” ಸ್ವಲ್ಪ ಯೋಚಿಸಿ ಸೇರಿಸಿದಳು, “ಉತ್ತರ ಹೇಳಿದ್ರೆ ಅರ್ಥ ಆಗಲ್ಲ.”

ಗಡಿಯಾರ ನೋಡಿದೆ. ಐದೂ ಮುಕ್ಕಾಲು. ಮನೆಯ ನಿಲ್ದಾಣ ಬಂತು. ನಾವು ಇಳಿಯಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು ಸಂಜೆ ಶಾಲೆಯ ಮೆಟ್ಟಿಲು ಹತ್ತಿದೆವು. ಪೆಟ್ಟಿಗೆಯ ಒಂದು ಗಾಲಿ ಕಿತ್ತುಹೋಗಿತ್ತು. ಪ್ರತಿ ಮೆಟ್ಟಿಲಿಗೂ ಢಬ್ ಎನ್ನುತ್ತಿತ್ತು. ಸದ್ದಿಗೆ ಮುಖ್ಯೋಪಾಧ್ಯಾಯರು ಕೋಣೆಯಿಂದ ಹೊರಬಂದರು. ನನ್ನನ್ನು ನೋಡಿದರು, ಅವಳನ್ನು ನೋಡಿದರು, ಪ್ರಯಾಣದ ಧೂಳು ಹಿಡಿದ ಪೆಟ್ಟಿಗೆಯನ್ನು ನೋಡಿದರು.

“ಇವರ ಬಗ್ಗೆನೂ ಪತ್ರ ಹೋಗಿದೆಯಾ?” ಎಂದು ಕೇಳಿದರು.

“ಹೋಗಿದೆ ಸರ್.”

“ತಿದ್ದೋ ಹಾಗಿಲ್ಲ?”

“ಇಲ್ಲ ಸರ್.”

ಅವರು ನಿಟ್ಟುಸಿರು ಬಿಟ್ಟು ತರಗತಿಯ ಬಾಗಿಲು ತೆರೆದು ಹಿಡಿದರು. ಹೆಂಡತಿ ಒಳಗೆ ಹೋಗಿ, ಅವರ ಕಡೆ ತಿರುಗಿ, ತನಗೆ ಬರುತ್ತಿದ್ದ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ಹೇಳಿದಳು. ಮುಂದಿನ ಬೆಂಚಿನಲ್ಲಿ ನನ್ನ ಜಾಗ ಖಾಲಿ ಇತ್ತು, ಅಲ್ಲಿ ಕೂತಳು. ನಾನು ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ, ಬಟ್ಟೆ ತೆಗೆದುಕೊಂಡು, ಹಿಂದಿನ ತರಗತಿಯ ಬರಹವನ್ನು ಒರೆಸತೊಡಗಿದೆ.